ಮಾವ ಹಿಡಿದ ಸೀಟು

ನಮ್ಮ ಸೋದರಮಾವ ದೊಡ್ಡ ಸುಳ್ಳುಗಾರ. ಹಾಗಂತ ಮುಖ ಸಿಂಡರಿಸಬೇಡಿ, ಅಷ್ಟು ಒಳ್ಳೆಯ ಮನುಷ್ಯ ಗುಮ್ಮಳಾಪುರದ ಸುತ್ತಮುತ್ತ ಇನ್ನೊಬ್ಬರಿಲ್ಲ! ಆಡಿದ ಮಾತು ದಿಟವೋ ಸಟೆಯೋ ಅನ್ನುವುದು ಅವರಿಗೆ ಆಮೇಲಿನ ಮಾತು. ಅದರಿಂದ ಕೊನೆಗೆ ಯಾರಿಗೆ ಒಳ್ಳೆಯದಾಯಿತು, ಅದನ್ನು ಹೇಳಿ ಮೊದಲು!

ಬದುವಿನ ಜಗಳಕ್ಕೆ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ನಮ್ಮೂರಲ್ಲಿದ್ದರು. ನಿನ್ನ ಕೆಮ್ಮು ಹೇಗಿದೆ ಅಂತ ತಮ್ಮ ವಿಚಾರಿಸಿದ ಎಂದು ಮಾವ ಅಣ್ಣನಿಗೆ ಊದಿದರು. ತಮ್ಮನಿಗೂ ಅಂಥದ್ದೇ ಇನ್ನೊಂದು. ಗುಟ್ಟು ರಟ್ಟಾದಾಗ ಇಬ್ಬರೂ ಮಾವನ ಜಗುಲಿಗೇ ಬಂದು ಬಾಯಿಗೆ ಬಂದಂತೆ ಬೈದರು. ಮಾವ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡು, ಅವರು ಹೋದ ಮೇಲೆ ನನ್ನ ಕಿವಿಯಲ್ಲಿ ಅಂದರು: "ಜೊತೇಲೇ ಬಂದ್ರು ನೋಡ್ಲಾ."

ಇನ್ನು ಬಸ್ಸು. ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಕಡೆಯ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯಬೇಕು. ಆ ವಿದ್ಯೆಯಲ್ಲಿ ಮಾವ ನಿಸ್ಸೀಮರು. ಹಿಡಿದರೆ ಕೂರುತ್ತಾರೆಯೇ? ಎಲ್ಲಿ ಬಂತು! ಪಕ್ಕದಲ್ಲಿ ನಿಂತು ವಿಚಾರಣೆ ಶುರು. ಯಾರಿಗೆ ಮಂಡಿನೋವು, ಯಾರು ಶಿಫ್ಟ್ ಮುಗಿಸಿ ಸುಸ್ತಾಗಿದ್ದಾರೆ, ಯಾರು ದೂರ ಹೋಗಬೇಕು, ಎಲ್ಲವನ್ನೂ ಕನ್ನಡ, ತಮಿಳು, ತೆಲುಗಿನಲ್ಲಿ ಕೇಳಿ, ತೂಗಿ, ಹೆಚ್ಚು ಕಷ್ಟದವರಿಗೆ ಸೀಟು. ತೀರ್ಪು ಬರುವಷ್ಟರಲ್ಲಿ ಬಸ್ಸು ಅರ್ಧ ದಾರಿ ಹೋಗಿರುತ್ತದೆ! ಜೊತೆಗೆ ಅತ್ತೆಯಿದ್ದರೂ ರಿಯಾಯಿತಿಯಿಲ್ಲ. "ಇವ್ರನ್ನ ಕಟ್ಕೊಂಡು ನಿಂತೂ ನಿಂತೂ ಮುದುಕಿ ಆದೆ" ಎಂದು ಅತ್ತೆ ಊರಿಗೆಲ್ಲ ಹೇಳಿ ನಗುತ್ತಿದ್ದರು.

ಈಚೆಗೆ ಅತ್ತೆಯ ಹೃದಯ ಸೋತಿದೆ, ಆಯಾಸ ಕೂಡದು ಅಂದರು ಡಾಕ್ಟರು. ಕಾರು ಮಾಡೋಣವೆಂದರೆ ಕಾರಿನಲ್ಲಿ ಅತ್ತೆಗೆ ವಾಂತಿ. ಸರಿ, ಆಸ್ಪತ್ರೆಯಿಂದ ಬಸ್ಸಿನಲ್ಲೇ ಹೊರಟೆವು. ಸೀಟು ಹಿಡಿದ ಮಾವ ಯಾರನ್ನೂ ಏನೂ ಕೇಳದೆ ಅತ್ತೆಯನ್ನು ಕೂರಿಸಿದರು. ದಾರಿಯಲ್ಲಿ ಒಬ್ಬ ತುಂಬು ಬಸುರಿ ಹತ್ತಿದಳು. ಮಾವನನ್ನು ಬಲ್ಲವರೆಲ್ಲ ಅವರತ್ತಲೇ ನೋಡಿದರು. ಮಾವ ಕಿಟಕಿಯಾಚೆ ನೋಡಿದರು!

ಅತ್ತೆ ಕಂಬಿ ಹಿಡಿದು ಮೆಲ್ಲಗೆ ಎದ್ದರು. "ಅವ್ಳು ಎಲ್ಡು ಜೀವ, ನಾನು ಒಂದು. ನೀವೇ ಹೇಳ್ಕೊಟ್ಟಿದ್ದಲ್ವಾ?"

ಹಿಂದಿನ ಸೀಟಿನಲ್ಲಿ ಫ್ಯಾಕ್ಟರಿ ಯೂನಿಫಾರ್ಮಿನಲ್ಲೇ ಒಬ್ಬ ತೂಕಡಿಸುತ್ತಿದ್ದ. ಮಾವ ಅವನ ಭುಜ ಮುಟ್ಟಿ ಎಬ್ಬಿಸಿದರು. ಹೃದಯದ ಕಾಯಿಲೆ ಅನ್ನಲಿಲ್ಲ, ಡಾಕ್ಟರ ಮಾತು ಎತ್ತಲಿಲ್ಲ.

"ಇವ್ಳು ನನ್ನ ಹೆಂಡ್ತಿ ಕಣಪ್ಪಾ," ಅಂದರು.

ಅವನು ಎದ್ದ. ಅತ್ತೆ ಕೂತರು. ಊರು ಬರುವವರೆಗೂ ಮಾವನ ಅಂಗಿಯ ತುದಿ ಅವರ ಮುಷ್ಟಿಯಲ್ಲೇ ಇತ್ತು.