ಸುರುಳಿ ಎಲೆಯೊಳಗೆ ಯಾರು?

ತಿಳಿವಳಿಕೆಯಷ್ಟು ಅಪಾಯದ ವಸ್ತು ಜಗತ್ತಿನಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅನುಭವ. ನಾನು ಗುರುತಿಸಿ ಹೇಳಿದ್ದು ಒಂದೇ ಒಂದು ಹುಳ. ಅಷ್ಟಕ್ಕೇ ಇಷ್ಟೆಲ್ಲ ಆಯಿತು.

ನಿಜಾಮರ ಆಡಳಿತ ಮುಗಿದ ಮರುವರ್ಷ ನಾನು ಹುಮನಾಬಾದಿನಲ್ಲಿ ತೋಟಗಳ ತಪಾಸಣೆ ಮಾಡುವ ಸರ್ಕಾರಿ ನೌಕರ. ಸರ್ಕಾರ ಬದಲಾಗಿತ್ತು, ಕಚೇರಿಯ ಭಾಷೆ ಬದಲಾಗುತ್ತಿತ್ತು, ಸಾಹೇಬರ ಕುರ್ಚಿ ಮಾತ್ರ ಅದೇ ಇತ್ತು. ಅದರಲ್ಲಿ ಹೊಸದಾಗಿ ಬಂದು ಕೂತವರು ತೋಟಕ್ಕೆ ಕಾಲಿಡದೆಯೇ ಗಿಡದ ರೋಗ ಹೇಳಬಲ್ಲ ಮಹಾನುಭಾವರು. ಆಗ ಕಲ್ಯಾಣಿ ಎನ್ನುತ್ತಿದ್ದ ಈಗಿನ ಬಸವಕಲ್ಯಾಣದಲ್ಲಿ, ಮಸ್ತಾನ್‌ಬಿ ಎಂಬ ವಿಧವೆಯ ಪೇರಲ ತೋಟದ ಎಲೆಗಳು ಬೀಡಿಯಂತೆ ಸುರುಳಿಯಾಗಿವೆ ಎಂಬ ಸುದ್ದಿ ಬಂದದ್ದೇ ತಡ, ಸಾಹೇಬರು ಕೂತಲ್ಲೇ ತೀರ್ಪು ಕೊಟ್ಟರು: "ಅಂಟುರೋಗ ಅದು. ಗಿಡಾ ಎಲ್ಲಾ ಕಡಿಸಿ ಸುಡಸ್ರಿ."

ಕಡಿಸುವ ಪುಣ್ಯಕಾರ್ಯ ನನ್ನ ಪಾಲಿಗೆ ಬಂತು. ಮಸ್ತಾನ್‌ಬಿ ಅಳಲಿಲ್ಲ, ಕೂಗಾಡಲಿಲ್ಲ. ನನ್ನನ್ನು ಕೂರಿಸಿ, ಚಹಾ ಕೊಟ್ಟು ಕೇಳಿದಳು: "ನಮ್ಮವ್ರು ಹೋದಮ್ಯಾಲ ಈ ಗಿಡಾನೇ ನನಗ ಮನಿಮಂದಿ. ಕಡೀತೀನಿ ಅಂದ್ರ ನಾ ಹ್ಯಾಂಗ ತಡೀಲಿ? ಆದ್ರ ಸಾಹೇಬ್ರ, ಏನು ಬ್ಯಾನಿ ಅಂತ ಒಮ್ಮೆರ ನೋಡಿರೇನ್ರಿ?"

ನೋಡಿರಲಿಲ್ಲ. ನೋಡಬೇಕೆಂದು ಆಜ್ಞೆಯಲ್ಲಿ ಇರಲಿಲ್ಲವಲ್ಲ!

ಚಹಾದ ಋಣಕ್ಕೆ ಒಂದು ಸುರುಳಿ ಬಿಡಿಸಿದೆ. ಒಳಗೆ ಬಿಳಿ ನೂಲಿನ ಹಾಸಿಗೆ, ಕರಿ ಹಿಕ್ಕೆ, ನಡುವೆ ಒಂದು ಹಸಿರು ಹುಳ. ಮುಟ್ಟಿದೊಡನೆ ಹಿಂದುಹಿಂದಕ್ಕೆ ಹೊರಳಾಡಿ, ನೂಲು ಬಿಟ್ಟುಕೊಂಡು ಕೆಳಗೆ ಜೋತುಬಿತ್ತು. ರೋಗ ಹೀಗೆ ಜೋಕಾಲಿಯಾಡುವುದಿಲ್ಲ. ಇದು ಎಲೆ ಸುತ್ತುವ ಪತಂಗದ ಮರಿ! "ಕಡಿಯೋದು ಬ್ಯಾಡಮ್ಮಾ, ಸುತ್ತಿದ ಎಲಿ ಹರಿದು ಸುಟ್ರ ಸಾಕು," ಎಂದೆ. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಳು ಬಂದದ್ದು ಆಗ.

ಒಂದಿಷ್ಟು ಸುರುಳಿಗಳನ್ನು ಕಚೇರಿಗೆ ಒಯ್ದೆ. "ನನಗ ಕಲಿಸಾಕ ಬಂದೀರೇನ್ರಿ? ಎಲ್ಲಿ ಅದ ಹುಳ?" ಎಂದು ಸಾಹೇಬರು ಎಲೆಯೊಂದನ್ನು ಮೂಗಿನ ಹತ್ತಿರ ಹಿಡಿದು ಜೋರಾಗಿ ಕೊಡವಿದರು. ಹುಳ ತನ್ನ ಜಾತಿಧರ್ಮದಂತೆ ಹೊರಳಿ, ಜಾರಿ, ಅವರ ಶೇರ್ವಾನಿಯ ತೋಳೊಳಗೆ ಹೊಕ್ಕಿತು. ಸಾಹೇಬರು ಕುರ್ಚಿಯ ಮೇಲೆ ಹತ್ತಿ ನಿಂತರು. "ಹುಳಾ! ಹುಳಾರೀ! ತಗೀರಿ!"

ಹೀಗೆ ಹುಳಕ್ಕೆ ಸರ್ಕಾರಿ ಮಾನ್ಯತೆ ಸಿಕ್ಕಿತು. ಗಿಡಗಳು ಉಳಿದವು. ಸಾಹೇಬರು ಖುದ್ದಾಗಿ ಸೂಕ್ಷ್ಮ ಪರೀಕ್ಷೆ ಮಾಡಿ ಕೀಟವನ್ನು ಗುರುತಿಸಿದರೆಂದು ವರದಿ ಹೋಯಿತು. ಸುಳ್ಳೇನಲ್ಲ, ಅಷ್ಟು ಹತ್ತಿರದಿಂದ ನಾನೂ ಪರೀಕ್ಷಿಸಿರಲಿಲ್ಲ. ಅವರಿಗೆ ಬಡ್ತಿ ಬಂತು. ತಜ್ಞನಾದ ನನಗೆ ಸುತ್ತಿದ ಎಲೆ ಕೀಳುವ ಕೆಲಸ.

ಹಣ್ಣಿನ ಕಾಲಕ್ಕೆ ಮಸ್ತಾನ್‌ಬಿ ಮೊದಲ ಪೇರಲವನ್ನು ನನ್ನ ಕೈಗಿಟ್ಟು, ನಾನು ಕಚ್ಚುವುದನ್ನೇ ನೋಡುತ್ತ ನಿಂತಳು. ಕಚ್ಚಿದೆ. ಒಳಗೆ ಬಿಳಿ ಹುಳ ಮಿಸುಕಾಡುತ್ತಿತ್ತು. ಇದು ಬೇರೆ ಜಾತಿ, ಹಣ್ಣಿನ ನೊಣದ ಮರಿ. ನನಗೆ ತಕ್ಷಣ ಗುರುತು ಸಿಕ್ಕಿತು. ಆದರೆ ಗುರುತಿಸಿದೆನೆಂದರೆ ವರದಿ, ವರದಿಯೆಂದರೆ ಮತ್ತೊಂದು ಆಜ್ಞೆ.

"ಹ್ಯಾಂಗ ಅದರೀ ಸಾಹೇಬ್ರ?"

"ಭಾಳ ಸಿಹಿ ಅದ ಅಮ್ಮಾ," ಎಂದು ಕಣ್ಣು ಮುಚ್ಚಿ ನುಂಗಿದೆ.