ಐದು ಗಂಟೆಯೊಳಗೆ ಗರ್ಭಿಣಿಯರ ಪಟ್ಟಿ

ಜಯಶೀಲನ ಗ್ರಹಚಾರ ಆ ಬುಧವಾರ ಒಂದು ಕುರ್ಚಿಯ ರೂಪದಲ್ಲಿ ಬಂದಿತು. ಬೆನ್ನಿಗೆ ಮೆತ್ತೆ, ಕಾಲಿಡಲು ಮಣೆ, ಎತ್ತರ ಹೆಚ್ಚುಕಡಿಮೆ ಮಾಡಲು ಪಕ್ಕದಲ್ಲೊಂದು ಹಿಡಿ. ಬೇಲಾಪುರದ ನೀರು ಪರೀಕ್ಷೆಯ ಲ್ಯಾಬಿಗೆ ಅದನ್ನು ಪುಣೆಯ ಹೆಡ್ ಆಫೀಸಿನವರು ಕಳುಹಿಸಿದ್ದರು.

ಜೊತೆಗೊಂದು ಪತ್ರವಿತ್ತು. ಹೆರಿಗೆ ರಜೆಯ ಕಾನೂನು ಬದಲಾದ ವರ್ಷ ಅದು; ಹೆಡ್ ಆಫೀಸು ತನ್ನದೂ ಒಂದಿಷ್ಟು ನಿಯಮ ಸೇರಿಸಿತ್ತು. ಗರ್ಭಿಣಿ ನೌಕರರನ್ನು ಇನ್ನು ನಿಲ್ಲಿಸಿ ದುಡಿಸುವಂತಿಲ್ಲ, ಭಾರ ಎತ್ತಿಸುವಂತಿಲ್ಲ, ಒಬ್ಬೊಬ್ಬರಿಗೂ ಇಂಥದ್ದೊಂದು ಕುರ್ಚಿ ಕೊಡಬೇಕು. ಇದು ಮಾದರಿ ಮಾತ್ರ. ಹೆಸರುಗಳು ಇಂದು ಸಂಜೆ ಐದರೊಳಗೆ ತಲುಪಿದರೆ ಉಳಿದವು ಬರುತ್ತವೆ. ಮುಂದಿನ ಪಟ್ಟಿ ಆರು ತಿಂಗಳ ನಂತರ.

ಆ ಲ್ಯಾಬಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಕುಳಿತರೆ ಕೈ ನಿಧಾನವಾಗುತ್ತದೆಂಬ ಹಳೆಯ ನಂಬಿಕೆಯಿಂದ ಪರೀಕ್ಷೆಯ ಕಟ್ಟೆಯ ಬಳಿ ಒಂದು ಸ್ಟೂಲನ್ನೂ ಇಟ್ಟಿರಲಿಲ್ಲ. ಊಟದ ಹೊತ್ತು ಬಿಟ್ಟರೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆಯವರೆಗೆ ನಿಂತೇ ಇರಬೇಕು.

ಮ್ಯಾನೇಜರ್ ಸಂಕರ್ಷಣ ರಾಯರು ಪತ್ರವನ್ನು ಬಿಸಿ ದೋಸೆಯಂತೆ ಎರಡು ಬೆರಳಲ್ಲಿ ಹಿಡಿದು ತಂದು, ಆಫೀಸು ವ್ಯವಹಾರ ನೋಡಿಕೊಳ್ಳುವ ಜಯಶೀಲನ ಮೇಜಿನ ಮೇಲಿಟ್ಟರು.

"ನೀವೇ ಒಂದು ಮಾತು ಕೇಳ್ಬಹುದಲ್ಲ ಸರ್?"

"ಹುಚ್ಚಾ ಮಾರಾಯ್ರೆ? ಹೆಂಗಸರ ಹತ್ರ ಹಾಗೆಲ್ಲ ಕೇಳ್ಲಿಕ್ಕುಂಟಾ? ಮೂರು ತಿಂಗಳು ತುಂಬುವ ತನಕ ನಮ್ಮವರು ಗೋಡೆಗೂ ಹೇಳುವುದಿಲ್ಲ. ಕೇಳಿದ್ರೆ ದೃಷ್ಟಿ ಹಾಕಿದ ಅಂತ ನನ್ನ ಮೇಲೆ ಬರ್ತದೆ. ನೀವು ಬಿಎಸ್ಸಿ ಅಲ್ವಾ? ದೂರದಿಂದ ಅಬ್ಸರ್ವ್ ಮಾಡಿ."

ಬಿಎಸ್ಸಿ ಎಂದ ಕೂಡಲೇ ಜಯಶೀಲನ ಬೆನ್ನು ನೆಟ್ಟಗಾಯಿತು. ಕಾಗದ ತೆಗೆದು ಗೆರೆ ಎಳೆದ. ಲ್ಯಾಬಿನಲ್ಲಿ ಹೆಂಗಸರು ನಾಲ್ವರು: ಹಿರಿಯ ವನಮಾಲಕ್ಕ, ಹೋದ ವರ್ಷ ಮದುವೆಯಾದ ಪ್ರೇಕ್ಷಾ, ಕಸ ಗುಡಿಸುವ ಚಂದ್ರಬಾಯಿ, ಮತ್ತು ಅವನ ಸ್ವಂತ ಹೆಂಡತಿ ಚಂಪಾ. ಪ್ರಯೋಗವೆಂದರೆ ಹೋಲಿಸಲು ಒಂದು ಖಚಿತವಾದ ಮಾದರಿ ಬೇಕು. ಅದರಲ್ಲಿ ವಿಶೇಷವೇನೂ ಇಲ್ಲವೆಂದು ನಮಗೆ ಮೊದಲೇ ಗೊತ್ತಿರಬೇಕು. ಅಂಥದ್ದು ಮನೆಯಲ್ಲೇ ಇರುವಾಗ ಚಿಂತೆಯೇನು? ಚಂಪಾಳ ಹೆಸರಿನ ಮುಂದೆ ದಪ್ಪಕ್ಷರದಲ್ಲಿ 'ಇಲ್ಲ' ಎಂದು ಬರೆದ. ಅವಳಲ್ಲೂ ಕಾಣುವ ಯಾವ ಲಕ್ಷಣವೂ ಬಸುರಿನ ಲಕ್ಷಣವಲ್ಲ ಎಂದು ನಿಯಮ ಮಾಡಿಕೊಂಡ.

ಹನ್ನೊಂದಕ್ಕೆ ವನಮಾಲಕ್ಕ ಡಬ್ಬಿ ತೆರೆದರು. ಬಂಗುಡೆ ಮೀನಿನ ಪುಳಿಮುಂಚಿ ಸಾರು. ಪ್ರೇಕ್ಷಾ ಬಾಯಿಗೆ ಕೈ ಒತ್ತಿಕೊಂಡು ಬಚ್ಚಲಿಗೆ ಓಡಿದಳು. ಜಯಶೀಲ ಉತ್ಸಾಹದಿಂದ 'ಹೌದು' ಎಂದು ಬರೆದ. ಆಮೇಲೆ ನೆನಪಾಯಿತು: ಮೀನಿನ ವಾಸನೆ ಆಗುವುದಿಲ್ಲವೆಂದು ಚಂಪಾಳೂ ಒಂದೂವರೆ ತಿಂಗಳಿಂದ ಅವನಿಗೆ ಬರೀ ಸೌತೆಕಾಯಿ ಹುಳಿ ಬಡಿಸುತ್ತಿದ್ದಾಳೆ. ಬರೆದದ್ದನ್ನು ಹೊಡೆದುಹಾಕಿದ.

ಮಧ್ಯಾಹ್ನ ಪ್ರೇಕ್ಷಾ ಊಟದ ಮೇಜಿಗೆ ತಲೆಯಿಟ್ಟು ನಿದ್ದೆ ಹೋದಳು. ಮತ್ತೆ 'ಹೌದು' ಎಂದು ಬರೆದ. ಆದರೆ ಚಂಪಾ ಈಗೀಗ ಧಾರಾವಾಹಿ ಶುರುವಾಗುವ ಮೊದಲೇ ಗೊರಕೆ ಹೊಡೆಯುತ್ತಾಳಲ್ಲ! ಹೊಡೆದುಹಾಕಿದ. ಎದ್ದ ಮೇಲೆ ಪ್ರೇಕ್ಷಾ ಉಪ್ಪು ಹಚ್ಚಿದ ಮಾವಿನಕಾಯಿ ಕಡಿದಳು. ಹೋಳು ಕೊಯ್ದು ಕೊಡುತ್ತಿದ್ದವಳು ಚಂಪಾ; ಅವಳೂ ಒಂದಾದ ಮೇಲೊಂದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅದೂ ಹೋಯಿತು. ವಿಜ್ಞಾನ ಇಷ್ಟು ನಿರ್ದಯವೆಂದು ಅವನಿಗೆ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ.

ಗಂಟೆ ನಾಲ್ಕಾಯಿತು. ಹೆಸರು ಬಿಟ್ಟುಹೋದರೆ ಒಬ್ಬಳು ಹೆರುವ ತನಕ ನಿಂತಿರಬೇಕು. ಸುಳ್ಳು ಹೆಸರು ಹೋದರೆ ತನಗೆ ಬೈಗುಳ. ದೂರದಿಂದ ನೋಡಿದ್ದು ಸಾಕೆಂದು ಕುರ್ಚಿಯನ್ನೇ ಉರುಳಿಸಿಕೊಂಡು ಹೋಗಿ ವನಮಾಲಕ್ಕನ ಹಿಂದೆ ನಿಲ್ಲಿಸಿದ.

"ಕೂತ್ಕೊಳ್ಳಿ ವನಮಾಲಕ್ಕ. ಈ ಸ್ಥಿತಿಯಲ್ಲಿ ನಿಲ್ಲಬಾರದು."

"ಯಾವ ಸ್ಥಿತಿ? ಮಗಳ ಬಾಣಂತನ ಮುಗಿಸಿ ಬಂದವಳು ನಾನು. ನನಗೆ ಐವತ್ತಾರು, ಮಾರಾಯ!"

ಕುರ್ಚಿ ಚಂದ್ರಬಾಯಿಯ ಕಡೆ ಹೊರಳಿತು. ಅವಳು ಸೊಂಟದ ಮೇಲೆ ಕೈಯಿಟ್ಟಳು. "ಅರೇ ಸಾಹೇಬ್, ಯೇ ಹೊಟ್ಟೆ ತೋ ವಡಾಪಾವ್ ಕಾ ಹೈ!"

ನಗು ಕಟ್ಟೆಯುದ್ದಕ್ಕೂ ಹರಿಯಿತು. ವನಮಾಲಕ್ಕ ಕಣ್ಣೊರೆಸಿಕೊಳ್ಳುತ್ತ, "ಅಲ್ಲ ಜಯಶೀಲ, ನಿನ್ನ ಕಣ್ಣಿಗೆ ಏನೂ ಕಾಣುವುದೇ ಇಲ್ಲವಾ?" ಎಂದರು.

"ಏನು ಕಾಣ್ಬೇಕು?"

ಎಲ್ಲರೂ ಇನ್ನಷ್ಟು ನಕ್ಕರು. ಚಂಪಾ ಮಾತ್ರ ಕೈಯಲ್ಲಿದ್ದ ಪರೀಕ್ಷಾನಳಿಕೆಯನ್ನು ದೇವರ ಫೋಟೋದಂತೆ ದಿಟ್ಟಿಸುತ್ತಿದ್ದಳು. ಹೆಂಡತಿಯೊಬ್ಬಳಾದರೂ ತನ್ನನ್ನು ನೋಡಿ ನಗಲಿಲ್ಲವಲ್ಲ ಎಂದು ಅವನಿಗೆ ಅಷ್ಟೇ ಸಮಾಧಾನ. ಪ್ರೇಕ್ಷಾಳ ಕಡೆ ಕುರ್ಚಿ ಉರುಳಿಸುವ ಧೈರ್ಯ ಉಳಿದಿರಲಿಲ್ಲ; ಅವಳ ಲಕ್ಷಣಗಳೆಲ್ಲ ಹೇಗೂ ಪಟ್ಟಿಯಲ್ಲಿ ಹೊಡೆದುಹೋಗಿದ್ದವು.

ಐದಕ್ಕೆ ಐದು ನಿಮಿಷವಿರುವಾಗ ಇಮೇಲ್ ಹೋಯಿತು: 'ಗರ್ಭಿಣಿಯರು ಸೊನ್ನೆ. ಖುದ್ದಾಗಿ ಪರಿಶೀಲಿಸಿ ದೃಢಪಡಿಸಿದ್ದೇನೆ.' ರಾಯರಿಗೆ ತಲೆನೋವು ಇಳಿಯಿತು. "ಬಂದ ಕುರ್ಚಿ ನೀವೇ ಇಟ್ಕೊಳ್ಳಿ," ಎಂದರು.

ಖಾರಘರದ ಮನೆಗೆ ಹೋಗುವ ಲೋಕಲ್ ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಯ ಬಳಿ ಕುಳಿತಿದ್ದ ಅಪರಿಚಿತ ಮುದುಕಿಯೊಬ್ಬಳು ಚಂಪಾಳನ್ನು ಒಮ್ಮೆ ನೋಡಿ ಎದ್ದು ನಿಂತಳು. "ಬೈಠೋ ಬೇಟಿ, ಐಸೇ ಮೇ ಖಡಾ ನಹೀ ರೆಹನೇ ಕಾ." ಇಂಥ ಹೊತ್ತಲ್ಲಿ ನಿಲ್ಲಬಾರದಂತೆ.

ಚಂಪಾ ಕುಳಿತಳು. ಜಯಶೀಲ ಬಗ್ಗಿ, "ಆ ಅಜ್ಜಿ ಯಾಕೆ ನಿನಗೆ ಸೀಟು ಕೊಟ್ಟದ್ದು?" ಎಂದು ಕೇಳಿದ.

"ಸಾಕು ನಿಮ್ಮ ನಾಟಕ," ಎಂದು ಅವಳು ನಾಚಿದಳು. "ಮೊನ್ನೆಗೆ ಮೂರು ತಿಂಗಳು ತುಂಬಿತು. ಶುಕ್ರವಾರ ದೀಪ ಹಚ್ಚಿ ಹೇಳುವಾ ಅಂತಿದ್ದೆ. ಮೊದಲೇ ಅಳಿಯನಿಗೆ ಹೇಳಿದ್ರೆ ಸಂಜೆಯೊಳಗೆ ಇಡೀ ಖಾರಘರಕ್ಕೆ ಪೇಡೆ ಹಂಚ್ತಾನೆ ಅಂತ ಅಮ್ಮ ಹೆದರಿಸಿದ್ರು. ನೀವು ದಿನವಿಡೀ ಪಟ್ಟಿ ಹಿಡ್ಕೊಂಡು ನನ್ನನ್ನೇ ನೋಡ್ತಿದ್ರಲ್ಲ, ಗೊತ್ತಾಯ್ತು ಅಂದ್ಕೊಂಡೆ. ಪ್ರೇಕ್ಷಾಳದ್ದೂ ಬರೆದಿದ್ದೀರಲ್ಲ? ಪಾಪ, ಅವಳಿಗೆ ಈಗ ಎರಡು ತಿಂಗಳು. ಇನ್ನು ನಿಲ್ಲುವುದು ತಪ್ಪಿತು ಅಂತ ಖುಷಿಯಲ್ಲಿದ್ದಾಳೆ."

ಜಯಶೀಲನಿಗೆ ಆನಂದದಿಂದ ಕುಣಿಯಬೇಕೆನಿಸಿತು. ರೈಲಿನಿಂದ ಇಳಿದು ಓಡಿಹೋಗಬೇಕೆಂದೂ ಅನಿಸಿತು. ಗುಂಪಿನಲ್ಲಿ ಎರಡಕ್ಕೂ ಜಾಗವಿರಲಿಲ್ಲ.

ಮರುದಿನ ರಾಯರು ಹಣೆ ಚಚ್ಚಿಕೊಂಡರು. "ಖುದ್ದು ಪರಿಶೀಲಿಸಿದ್ದೇನೆ ಅಂತ ಬರೆದವರು ನೀವು. ಬೆಳಗಾಗುವಾಗ ಇಬ್ಬರು ಅಂತ ಬರೆದ್ರೆ ಪುಣೆಯವರು ಏನು ತಿಳ್ಕೊಂಡಾರು? ಕುರ್ಚಿ ಇನ್ನು ಆರು ತಿಂಗಳಿಗೇ. ನೀವೇ ಏನಾದ್ರೂ ಮಾಡಿ."

ಅವನು ಮಾಡಿದ. ಹೊಸ ಕುರ್ಚಿ ಚಂಪಾಳಿಗೆ ಹೋಯಿತು. ಅವನದೇ ಹಳೆಯ ತಿರುಗುವ ಕುರ್ಚಿ ಪ್ರೇಕ್ಷಾಳಿಗೆ. ಕೀಬೋರ್ಡನ್ನು ಫೈಲುಗಳ ಕಪಾಟಿನ ಮೇಲಿಟ್ಟುಕೊಂಡು ಜಯಶೀಲ ನಿಂತೇ ಟೈಪು ಮಾಡತೊಡಗಿದ.

ಮಧ್ಯಾಹ್ನದ ಹೊತ್ತಿಗೆ ಪಾದ ಊದಿತ್ತು. ಒಂದು ಕೈ ಸೊಂಟಕ್ಕೆ ಕೊಟ್ಟು, ಕಪಾಟಿಗೆ ಒರಗಿ, ನಿಟ್ಟುಸಿರು ಬಿಟ್ಟ. ನೆಲ ಒರೆಸುತ್ತ ಬಂದ ಚಂದ್ರಬಾಯಿ ಅವನನ್ನು ಅಡಿಯಿಂದ ಮುಡಿಯವರೆಗೆ ಅಬ್ಸರ್ವ್ ಮಾಡಿ, ಸೆರಗಿನ ಗಂಟಿನಿಂದ ಒಂದು ತುಂಡು ಹುಣಸೆಹಣ್ಣು ತೆಗೆದು ಕಪಾಟಿನ ಮೇಲಿಟ್ಟಳು.

"ಕೌನ್ಸಾ ತಿಂಗಳು ಹೈ, ಸಾಹೇಬ್?"