ಹಸಿ ಕಸ ನೋಡಿ ಅಂಗಡಿ ಹಾಕಿಸಿದ ವೈನಿ

ನಮ್ಮ ವೈನಿ ಮಂದಿ ಮಾರಿ ನೋಡಿ ನಂಬಾಕಿ ಅಲ್ರಿ, ಅವರ ಕಸದ ಬಕೆಟ್ ನೋಡಿ ನಂಬಾಕಿ! ನಗಬ್ಯಾಡ್ರಿ. ಮೊದಲ ನಾನೂ ನಕ್ಕಿದ್ದೆ.

ವೈನಿ ಅಂದ್ರ ನಮ್ಮ ಅಣ್ಣನ ಹೆಂಡ್ತಿ. ಪುಣೆದಾಗ ಒಂದ ಮನ್ಯಾಗ ಇರ್ತೀವಿ. ನಾ ಕಂಪನಿ ಬಸ್ ಓಡಸ್ತಿದ್ದೆ, ಬೆನ್ನು ಕೈ ಕೊಟ್ಟಿತು. ನನ್ನ ಹೆಂಡ್ತಿ ರೊಟ್ಟಿ ಬಡಿಯೋದ್ರಾಗ ಭಾಳ ಶಾಣ್ಯಾಕಿ. ಕೂಡಿಟ್ಟಿದ್ದೆಲ್ಲಾ ಹಾಕಿ ಬಿಬವೇವಾಡಿ ಓಣ್ಯಾಗ ಜೋಳದ ರೊಟ್ಟಿ ಅಂಗಡಿ ತೆಗೀಬೇಕಂತ ಮಾಡಿದೆ. ಅಲ್ಲೆ ನಮ್ಮ ಕಡೆ ಮಂದಿ ಭಾಳ ನೋಡ್ರಿ! ಕೇಳಿದವ್ರೆಲ್ಲಾ "ದಿನಾ ಬರ್ತೀವ್ರಿ" ಅಂದ್ರು. ಅಡ್ವಾನ್ಸ್ ಕೊಡೋದೊಂದ ಬಾಕಿ. ಈ ರೊಕ್ಕ ಹೋತಂದ್ರ ಮತ್ತ ಗಳಸಾಕ ಬೆನ್ನೆಲ್ಲಿಂದ ತರಲಿ?

"ಮೈದುನ್ರ, ತಡೀರಿ. ಬಾಯಿಲೆ ಎಲ್ಲಾರೂ ಬರ್ತಾರ. ನಾ ನೋಡಿ ಹೇಳ್ತೀನಿ," ಅಂದ್ರು ವೈನಿ.

ಹೆಂಗ ನೋಡಿದ್ರಂತೀರಿ? ಮುಂಜಾನೆದ್ದು ಆ ಅಂಗಡಿ ಎದುರಿನ ಅಪಾರ್ಟ್‌ಮೆಂಟ್ ಸೊಸೈಟಿ ಗೇಟಿಗೆ ಹೋಗಿ ಕಸದ ಗಾಡಿ ಬಾಜೂ ನಿಂತ್ರು! ಮಂದಿ ಹಸಿ ಕಸ ಸುರುವೋದು, ಇವರು ಬಗ್ಗಿ ನೋಡೋದು, ತಲಿ ಅಲ್ಲಾಡಸೋದು. ನಾ ನಾಚಿ ರಿಕ್ಷಾದ ಹಿಂದ ನಿಂತೆ. ವಾಚ್‌ಮನ್ ಬಂದು, ಯಾವ ಫ್ಲ್ಯಾಟಿನಾಕಿ ಅಂತ ಮರಾಠ್ಯಾಗ ಕೇಳಿದ.

"ಮಾವಶಿ, ತುಮ್ಹಿ ಕೋಣತ್ಯಾ ಫ್ಲ್ಯಾಟಚ್ಯಾ?"

"ಸಗಳ್ಯಾಚ!"

ಎಲ್ಲಾ ಫ್ಲ್ಯಾಟಿನಾಕಿ ಅಂತ! ಅಂವ ಸೆಲ್ಯೂಟ್ ಹೊಡ್ಯೋದೊಂದ ಉಳೀತು.

ಮನಿಗೆ ಬಂದು ತೀರ್ಪು ಕೊಟ್ರು: "ಬ್ಯಾಡ. ಬಕೆಟ್ ತುಂಬ ಜೋಳದ ಹಿಟ್ಟು ಸಾಣಿಸಿದ ತೌಡ ಅದ. ರೊಟ್ಟಿ ಬೇಕಾದವ್ರು ಮನ್ಯಾಗ ಬಡ್ಕೋತಾರ. ನಿಮ್ಮಲ್ಲಿ ಯಾಕ ಬರ್ತಾರ? ಬಂದ್ರ ತಪ್ಪು ಹುಡುಕಾಕ ಬರ್ತಾರ!"

ಲಗ್ನ ಆದ ಮ್ಯಾಲ ರಾತ್ರಿ ಸಾಲಿಗೆ ಹೋಗಿ ಹತ್ತನೇತ್ತಾ ಪಾಸಾದಾಂವ ನಾನು. ಆ ಪುಸ್ತಕದಾಗ ಇದೆಲ್ಲಿತ್ರಿ?

ಆಮ್ಯಾಲ ಊರೆಲ್ಲಾ ಸುತ್ತಿದ್ರು, ನಾ ಹಿಂದಿಂದ. ಒಂದು ದೊಡ್ಡ ಸೊಸೈಟಿ ಮುಂದ, "ಇಲ್ಲೆ ಬರೇ ಸೌತಿಕಾಯಿ ಸಿಪ್ಪಿ. ಎಲ್ಲಾರೂ ತೆಳ್ಳಗ ಆಗಾಕ ಹತ್ಯಾರ. ನಡೀರಿ, ನಡೀರಿ!" ಅಂದ್ರು.

ಕಡೀಕ ಸದಾಶಿವ ಪೇಠ. ಅಲ್ಲೆ ಹೊರಗಿನ ಊರಿಂದ ಕೋಚಿಂಗ್ ಕ್ಲಾಸಿಗೆ ಬಂದ ಹುಡುಗ್ರ ಹಾಸ್ಟೆಲ್ ಒಂದಿತ್ತು. ಬಕೆಟ್‌ನ್ಯಾಗ ಮೆಸ್ಸಿನ ಡಬ್ಬಿ ಚಪಾತಿ, ಮಡಚಿದ್ದು ಮಡಚಿದ್ಹಂಗ. ಒಂದು ತುತ್ತೂ ಮುರಿದಿಲ್ಲ. ವೈನಿ ಒಂದು ಚಪಾತಿ ಎತ್ತಿ ಎಳದು ನೋಡಿದ್ರು.

"ಸೋಲಾಪುರ ಕಡೆ ಹುಡುಗ್ರಿರಬೇಕು. ಜೋಳದ ಭಕ್ರಿ ಉಂಡು ಬೆಳದವು ಈ ತೊಗಲು ತಿಂತಾವೇನ್ರಿ? ಇಲ್ಲೆ ಹಾಕ್ರಿ. ಬಿಸಿ ರೊಟ್ಟಿ, ಒಂದು ಪಲ್ಯ, ಸಾಕು."

ಹಾಕಿದೆ. ಇವತ್ತ ಮಧ್ಯಾಹ್ನ ಅಂಗಡ್ಯಾಗ ನಿಲ್ಲಾಕ ಜಾಗಾ ಸಿಗೂದಿಲ್ರಿ!

ಅಡ್ವಾನ್ಸ್ ಕೊಟ್ಟು ಹೊರಗ ಬಂದ ದಿನ ಕೇಳಿದ್ದೆ, "ವೈನಿ, ಮಂದಿ ನಗತಿದ್ರು. ನನ್ನ ರೊಕ್ಕದ ಸಲುವಾಗಿ ನೀವ್ಯಾಕ ಇಷ್ಟು ತ್ರಾಸ ತಗೊಂಡ್ರಿ?"

"ನಿಮ್ಮಣ್ಣ ಇದ್ದಿದ್ರ ಅವರ ನೋಡತಿದ್ರು," ಅಂದ್ರು. "ಈಗ ನಿಮಗ ಹಿರ್ಯಾರಂದ್ರ ನಾನ ಅಲ್ಲೇನ್ರಿ?"

ಅಣ್ಣ ತೀರಿಕೊಂಡ ಮ್ಯಾಲ ಅವನ ಸುದ್ದಿ ವೈನಿ ಬಾಯಾಗ ಬಂದಿದ್ದು ಅವತ್ತ ಮೊದಲು.